ಹಲ್ಲಿನ ಕ್ಲಿಪ್ ಮತ್ತು ಮನೆಯವರು

ನನ್ನ ಹಲ್ಲಿಗೆ ಕ್ಲಿಪ್ ಹಾಕಿಸಿ 14 ತಿಂಗಳಾಯಿತು. ತಂತಿ ಬಿಗಿ ಮಾಡಿದಾಗ ಹಲ್ಲು ಒತ್ತುವ ಕಡೆ ಮೂಳೆ ಕರಗುತ್ತದೆ, ಹಿಂದೆ ಹೊಸದು ಬೆಳೆಯುತ್ತದೆ. ಹಲ್ಲು ಸರಿಯುವುದೇ ಹೀಗೆ. ಪ್ರತಿ ಸಲವೂ ಎರಡು ಮೂರು ದಿನ ನೋವು. ಮೊದಲ ಸಲ ಅನ್ನವನ್ನೂ ಅಗಿಯಲಾಗದೆ, "ತೆಗೆಸಿಬಿಡಿ" ಎಂದು ಅತ್ತಿದ್ದೆ. "ಎಷ್ಟು ದುಡ್ಡು ಕೊಟ್ಟಿದ್ದೇವೆ ಗೊತ್ತಾ?" ಎಂದರು ತಂದೆ. ಅದರಿಂದ ನೋವೇನೂ ಕಡಿಮೆಯಾಗಲಿಲ್ಲ! ಉಮ್ಮ ಮಾತಾಡದೆ ಗಂಜಿ ಬೇಯಿಸಿದರು, ಬಾಯಿ ಮುಕ್ಕಳಿಸಲು ಬೆಚ್ಚಗಿನ ಉಪ್ಪುನೀರು ಕೊಟ್ಟರು, ಕೆನ್ನೆಗೆ ಚುಚ್ಚುವ ತಂತಿಗೆ ನಾನು ಮೇಣ ಹಚ್ಚುವಾಗ ಕನ್ನಡಿ ಹಿಡಿದು ನಿಂತರು.

ಈಗ ಬಿಗಿ ಮಾಡಿಸಿದ ದಿನ ಮನೆಮಂದಿಗೆಲ್ಲ ಗಂಜಿಯೇ. ತಮ್ಮನ ಗೊಣಗಾಟ ಇದ್ದದ್ದೇ. ಚಿಕ್ಕಿ, ಚಕ್ಕುಲಿ ನನ್ನ ಕಣ್ಣಿಗೆ ಬೀಳುವುದಿಲ್ಲ. ಕ್ಲಿಪ್ ತೆಗೆದ ಮೇಲೂ ರಿಟೇನರ್ ಹಾಕದಿದ್ದರೆ ಹಲ್ಲು ಮತ್ತೆ ಹಳೆಯ ಜಾಗದತ್ತ ಸರಿಯುತ್ತದಂತೆ. ಅದನ್ನು ನೆನಪಿಸುವ ಕೆಲಸ ತಂದೆ ವಹಿಸಿಕೊಂಡಿದ್ದಾರೆ, ದುಡ್ಡಿನ ಮಾತೆತ್ತದೆ.