ಪಾದ್ರಿಗಾಗಿ ಕಾಯದ ಊರುಗಳು

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ಅಂಚಿನಲ್ಲಿ ಚಳಿಗಾಲದಲ್ಲಿ ತೀರಿಕೊಂಡವರನ್ನು ಕೂಡಲೇ ಮಣ್ಣು ಮಾಡುವುದು ಕಷ್ಟ. ಕೀವೀನಾ ಪ್ರದೇಶದಲ್ಲಿ ಒಂದೇ ಚಳಿಗಾಲಕ್ಕೆ 5 ಮೀಟರಿಗೂ ಮಿಕ್ಕಿ ಹಿಮ ಬೀಳುತ್ತದೆ. ಅದರಡಿಯ ನೆಲ ಹೆಪ್ಪುಗಟ್ಟಿ ಗುದ್ದಲಿಗೆ ಬಗ್ಗುವುದಿಲ್ಲ. ಹಲವು ಊರುಗಳ ಸ್ಮಶಾನಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಶವಪೆಟ್ಟಿಗೆಯನ್ನು ಅಲ್ಲಿಯವರೆಗೆ ಬೇರೆಡೆ ಕಾಪಾಡಿ, ಮೇ ತಿಂಗಳಲ್ಲಿ ಮಣ್ಣು ಸಡಿಲವಾದ ಮೇಲೆ ಹೂಳುತ್ತಾರೆ. ಜನವರಿಯಲ್ಲಿ ಚರ್ಚಿನೊಳಗೆ ಪ್ರಾರ್ಥನೆ ಮುಗಿಸಿ ಅತ್ತವರು ಮೇನಲ್ಲಿ ಗುಂಡಿಯ ಸುತ್ತ ಮತ್ತೆ ಸೇರುತ್ತಾರೆ. ಲೈಲಾಕ್ ಹೂ ಇನ್ನೂ ಮೊಗ್ಗಾಗಿರುವ ಆ ದಿನಗಳಲ್ಲಿ ಇಲ್ಲಿನ ಪುಟ್ಟ ಎಪಿಸ್ಕೋಪಲ್ ಸಭೆಗಳ ವಾರದ ಕೆಲಸ ಶುರುವಾಗುವುದು ಹೀಗೆ ಬಾಕಿ ಉಳಿದ ವಿದಾಯಗಳಿಂದ.

ಈ ನಾಡಿಗೆ ಅಪ್ಪರ್ ಪೆನಿನ್ಸುಲಾ ಎಂದು ಹೆಸರು. ಮೇಲ್ಗಡೆ ಸುಪೀರಿಯರ್ ಸರೋವರ, ಕೆಳಗೆ ಮಿಷಿಗನ್ ಸರೋವರ, ನಡುವೆ ಕಾಡು. ಜನ ಹೆಚ್ಚುಕಡಿಮೆ 3 ಲಕ್ಷ. 1957ರಲ್ಲಿ ಮ್ಯಾಕಿನಾ ಸೇತುವೆ ಆಗುವತನಕ ರಾಜ್ಯದ ದಕ್ಷಿಣ ಭಾಗಕ್ಕೆ ಇಲ್ಲಿಂದ ನೇರ ರಸ್ತೆಯೇ ಇರಲಿಲ್ಲ. 1840ರ ದಶಕದಲ್ಲಿ ತಾಮ್ರ ಮತ್ತು ಕಬ್ಬಿಣದ ಗಣಿಗಳು ತೆರೆದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸಗಾರರು ಬಂದರು. ಆಂಗ್ಲಿಕನ್ ಸಭೆಯ ಅಮೆರಿಕದ ಕವಲಾದ ಎಪಿಸ್ಕೋಪಲ್ ಸಭೆಯೂ ಗಣಿ ಊರುಗಳಲ್ಲಿ ನೆಲೆಯೂರಿತು. 1895ರಲ್ಲಿ ಅದಕ್ಕೆ ಇಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವೇ ಆಯಿತು. ಆಮೇಲೆ ಅದಿರು ಸೊರಗಿತು. ಕ್ಯಾಲುಮೆಟ್‌ನ ದೊಡ್ಡ ತಾಮ್ರದ ಕಂಪನಿ 1968ರಲ್ಲಿ ಗಣಿಗಳನ್ನು ಮುಚ್ಚಿತು. ಮಕ್ಕಳು ಡೆಟ್ರಾಯಿಟ್, ಶಿಕಾಗೋ ಕಡೆ ಹೋದರು. ಚರ್ಚುಗಳು ಮಾತ್ರ ಅಲ್ಲೇ ಉಳಿದವು, ಮುನ್ನೂರು ಜನರ ಕಾಲದ ಬೆಂಚುಗಳಲ್ಲಿ ಹದಿನೈದು ಇಪ್ಪತ್ತು ಜನರನ್ನು ಕೂರಿಸಿಕೊಂಡು.

ಇಷ್ಟು ಜನರಿಂದ ಪಾದ್ರಿಗೆ ಸಂಬಳ ಹೊಂದಿಸುವುದು ಆಗದ ಮಾತು. ಬೇರೆಡೆ ಇಂಥ ಸಭೆಗಳು ತಿಂಗಳಿಗೊಮ್ಮೆ ಬರುವ ಪಾದ್ರಿಯ ದಾರಿ ಕಾಯುತ್ತವೆ. 1980ರ ದಶಕದಲ್ಲಿ ಬಿಷಪ್ ಥಾಮಸ್ ರೇ ಕಾಲದಲ್ಲಿ ಇಲ್ಲಿಯವರು ಕಾಯುವುದನ್ನೇ ಬಿಟ್ಟರು. ಸಭೆಯವರೆಲ್ಲ ಕೂತು, ಪ್ರಾರ್ಥಿಸಿ, ತಮ್ಮೊಳಗಿಂದಲೇ ಜನರನ್ನು ಕರೆಯುತ್ತಾರೆ: ನೀನು ಪ್ರಭುಭೋಜನ ನಡೆಸಬಲ್ಲೆ, ನೀನು ಡೀಕನ್ ಆಗು, ನಿನಗೆ ಪ್ರಸಂಗ ಮಾಡುವ ಶಕ್ತಿಯಿದೆ, ಮಕ್ಕಳಿಗೆ ಕಲಿಸುವ ಕೆಲಸ ನಿನಗೆ. ಕರೆ ಪಡೆದವರು ಒಟ್ಟಿಗೆ ಕೂತು ಓದುತ್ತಾರೆ. ಹಲವು ಸಭೆಗಳನ್ನು ಸುತ್ತುವ ಮಿಷನರ್ ಒಬ್ಬರು ಬಂದು ಕಲಿಸುತ್ತಾರೆ. ಕೊನೆಗೆ ಬಿಷಪ್ ಕೈಯಿಟ್ಟು ದೀಕ್ಷೆ ಕೊಡುತ್ತಾರೆ. ಸಂಬಳವಿಲ್ಲ. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುವವರು ಭಾನುವಾರ ಪೀಠದ ಮುಂದೆ ನಿಲ್ಲುತ್ತಾರೆ.

ಇದರ ಬೇರು ದೂರದಲ್ಲಿದೆ. ಚೀನಾದಲ್ಲಿ 1895ರಿಂದ 1903ರವರೆಗೆ ದುಡಿದ ಇಂಗ್ಲಿಷ್ ಪಾದ್ರಿ ರೋಲಂಡ್ ಅಲೆನ್ 1912ರಲ್ಲಿ ಪುಸ್ತಕವೊಂದನ್ನು ಬರೆದು, ಸಂತ ಪೌಲ ಸಭೆಯನ್ನು ಆಯಾ ಊರಿನವರ ಕೈಗೇ ಒಪ್ಪಿಸಿ ಮುಂದೆ ಹೋಗುತ್ತಿದ್ದ, ನಾವೇಕೆ ತಲೆಮಾರುಗಟ್ಟಲೆ ಹಿಡಿದುಕೊಂಡು ಕೂತಿದ್ದೇವೆ ಎಂದು ಕೇಳಿದರು. ಅವರ ಕಾಲದಲ್ಲಿ ಕಿವಿಗೊಟ್ಟವರು ಕಡಿಮೆ. ನೆವಾಡಾದ ಮರುಭೂಮಿ ಊರುಗಳಲ್ಲಿ, ಆಮೇಲೆ ಈ ಹಿಮದ ಊರುಗಳಲ್ಲಿ ಆ ಮಾತಿಗೆ ಜೀವ ಬಂತು. ದೇವಶಾಸ್ತ್ರದ ಪೂರ್ಣಾವಧಿ ಶಿಕ್ಷಣವಿಲ್ಲದೆ ದೀಕ್ಷೆಯೇ ಎಂದು ಆಕ್ಷೇಪಿಸಿದವರಿದ್ದಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ಸಾವಿನ ಮನೆಯ ಬಾಗಿಲಿಗೆ ರಾತ್ರಿಯೇ ನಡೆದು ಬರುವ ನೆರೆಯವರಿಗೆ, ಮೂರು ತಾಸು ಕಾರಿನಲ್ಲಿ ಬರುವ ಅಪರಿಚಿತರಿಗಿಂತ ಆ ಮನೆಯ ಬದುಕು ಚೆನ್ನಾಗಿ ಗೊತ್ತು. ಇದು ಸಣ್ಣ ಅರ್ಹತೆಯಲ್ಲ.

ವಾರದ ಕೆಲಸಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬಟ್ಟೆ ಒಗೆಯುವುದು. ಪ್ರಭುಭೋಜನದ ಬಟ್ಟಲನ್ನು ಒರೆಸುವ ಬಿಳಿ ಲಿನನ್ ಬಟ್ಟೆಯ ಮೇಲೆ ದ್ರಾಕ್ಷಾರಸದ ಕಲೆ ಇರುತ್ತದೆ, ತುಟಿಬಣ್ಣದ ಗುರುತೂ ಇರುತ್ತದೆ. ಅದನ್ನು ನೇರವಾಗಿ ಯಂತ್ರಕ್ಕೆ ಹಾಕುವಂತಿಲ್ಲ. ಮೊದಲು ಬೋಗುಣಿಯಲ್ಲಿ ನೆನೆಸಿ ಹಿಂಡಬೇಕು. ಆ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಸೇರಬೇಕು. ಕೆಲವು ಚರ್ಚುಗಳಲ್ಲಿ ಇದಕ್ಕೆಂದೇ ನೆಲಕ್ಕಿಳಿಯುವ ತೊಟ್ಟಿ ಇದೆ, ಇಲ್ಲದ ಕಡೆ ಹಿತ್ತಲಿನ ಗಿಡದ ಬುಡಕ್ಕೆ ಸುರಿಯುತ್ತಾರೆ. ಪೀಠದ ಮೇಲೆ ಹಾಸುವ ಚೌಕವನ್ನು ಇಸ್ತ್ರಿ ಮಾಡಿ ಅತ್ತ ಮೂರು ಇತ್ತ ಮೂರು ಮಡಿಕೆ ಹಾಕುತ್ತಾರೆ. ಬಿಡಿಸಿದಾಗ ಒಂಬತ್ತು ಮನೆ ಕಾಣಬೇಕು. ರೊಟ್ಟಿಯ ಚೂರು ಬಿದ್ದರೆ ಅದರೊಳಗೇ ಉಳಿಯಲಿ ಎಂದು ಈ ಮಡಿಕೆ. ಭಾನುವಾರ ಬೆಂಚಿನಲ್ಲಿ ಕೂತವರ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ.

ವಾರದ ಕೆಲಸದ ನಡುವೆ ಹಬ್ಬಗಳೂ ಬರುತ್ತವೆ. ಈಸ್ಟರ್ ಆದ 40ನೇ ದಿನ, ಗುರುವಾರ, ಯೇಸುವಿನ ಸ್ವರ್ಗಾರೋಹಣ. ಅದರ ಹಿಂದಿನ ಮೂರು ದಿನ ಬೆಳೆಗಾಗಿ ಬೇಡಿಕೊಳ್ಳುವ ರೊಗೇಷನ್ ದಿನಗಳು. 5ನೇ ಶತಮಾನದಲ್ಲಿ ಫ್ರಾನ್ಸಿನ ವಿಯೆನ್ ಊರಿನ ಬಿಷಪ್ ಮಮೆರ್ಟಸ್ ಸಂಕಟಕಾಲದಲ್ಲಿ ಆರಂಭಿಸಿದ ಮೆರವಣಿಗೆಯಿಂದ ಬಂದ ಪದ್ಧತಿ ಇದು. ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾ ಪುಸ್ತಕದಲ್ಲಿ ಇದಕ್ಕೆ ಮೂರು ಪ್ರಾರ್ಥನೆಗಳಿವೆ: ಒಂದು ಬೆಳೆಗೆ, ಒಂದು ವ್ಯಾಪಾರ ಮತ್ತು ಉದ್ಯಮಕ್ಕೆ, ಒಂದು ಸೃಷ್ಟಿಯ ಪಾಲನೆಗೆ. ಊರಿನ ಹವೆಗೆ ತಕ್ಕಂತೆ ದಿನ ಬದಲಿಸಿಕೊಳ್ಳಬಹುದೆಂದೂ ಅದೇ ಪುಸ್ತಕ ಹೇಳುತ್ತದೆ. ಆಲೂಗಡ್ಡೆ ಬಿತ್ತನೆ ಯಾವಾಗ ಎಂಬುದನ್ನು ಹಿಮ ತೀರ್ಮಾನಿಸುವ ಕಡೆ ಈ ಸಡಿಲಿಕೆ ದೊಡ್ಡ ಉಪಕಾರ.

ಇದೇ ಹೊತ್ತಿಗೆ ಚರ್ಚಿನ ಅಡುಗೆಮನೆಗಳಲ್ಲಿ ಪಾಸ್ಟಿ ತಯಾರಿ ನಡೆದಿರುತ್ತದೆ. ಕಾರ್ನ್‌ವಾಲ್ ಗಣಿಗಾರರು ತಂದ ತಿಂಡಿ ಅದು. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬಾಗ ಗೆಡ್ಡೆ ತುಂಬಿ ನಮ್ಮ ಕರ್ಜಿಕಾಯಿಯ ಹಾಗೆ ಮಡಚಿ ಅಂಚು ಒತ್ತಿ ಬೇಯಿಸುತ್ತಾರೆ. ಅಂಗೈಗೆ ಮಿಕ್ಕುವ ಗಾತ್ರ. ಮುಂಚೆಯೇ ಹೆಸರು ಬರೆಸಿದವರು ಬಂದು ಕೊಂಡೊಯ್ಯುತ್ತಾರೆ. ಬಂದ ಹಣ ಚಳಿಗಾಲದ ಉರುವಲಿನ ಬಾಕಿಗೋ ಮಾಡಿನ ದುರಸ್ತಿಗೋ ಸಲ್ಲುತ್ತದೆ. ಗೆಡ್ಡೆ ಹೆಚ್ಚುತ್ತ, ಹಿಟ್ಟು ಲಟ್ಟಿಸುತ್ತ ಆಡುವ ಮಾತಿನಲ್ಲೇ ಯಾರಿಗೆ ಕಾಯಿಲೆ, ಯಾರ ಮೊಮ್ಮಗ ಹೈಸ್ಕೂಲು ಮುಗಿಸಿದ ಎಂಬುದೆಲ್ಲ ತಿಳಿಯುತ್ತದೆ. ಭಾನುವಾರದ ಪ್ರಾರ್ಥನೆಯಲ್ಲಿ ಓದುವ ಹೆಸರುಗಳು ಎಷ್ಟೋ ಸಲ ಇಲ್ಲಿಂದಲೇ ಹೋದವು.

ಈಸ್ಟರ್ ಆದ 50ನೇ ದಿನ ಪೆಂಟೆಕೋಸ್ಟ್. ಅಂದು ಪೀಠಕ್ಕೆ ಕೆಂಪು ಬಟ್ಟೆ, ಮುಂದಿನ ವಾರ ತ್ರಿತ್ವದ ಭಾನುವಾರಕ್ಕೆ ಬಿಳಿ, ಆಮೇಲೆ ತಿಂಗಳುಗಟ್ಟಲೆ ಹಸಿರು.

ತ್ರಿತ್ವದ ಭಾನುವಾರವೆಂದರೆ ಇಲ್ಲಿಯವರಿಗೆ ಒಂದು ನೋವೂ ಇದೆ. ರೇ ಅವರ ನಂತರ ಬಿಷಪ್ ಆದ ಜೇಮ್ಸ್ ಕೆಲ್ಸಿ ಈ ವ್ಯವಸ್ಥೆಯನ್ನು ಹೃದಯದಿಂದ ನಂಬಿದ್ದವರು. 2007ರ ಜೂನ್ 3ರಂದು, ಅದೇ ಭಾನುವಾರ, ಸಭೆಯೊಂದನ್ನು ಕಂಡು ಮರಳುವಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪೂರ್ವದ ಸೂ ಸೇಂಟ್ ಮರಿಯಿಂದ ಪಶ್ಚಿಮದ ಐರನ್‌ವುಡ್‌ವರೆಗೆ 500 ಕಿ.ಮೀ. ಹತ್ತಿರ ಹತ್ತಿರ ಆಗುತ್ತದೆ. ನಡುವೆ ಗಡಿಯಾರವನ್ನೂ ಒಂದು ತಾಸು ಹಿಂದಿಡಬೇಕು. ಈ ದೂರವನ್ನು ಯಾವ ವ್ಯವಸ್ಥೆಯೂ ಕುಗ್ಗಿಸಲಾರದು. ವಯಸ್ಸನ್ನೂ ಅಷ್ಟೆ. ಪ್ರಸಂಗ ಮಾಡುವವರಿಗೆ ಎಪ್ಪತ್ತು ದಾಟಿದಾಗ ಮುಂದೆ ಯಾರು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ನಮ್ಮಲ್ಲಿ ಈ ಕಥೆ ತೀರಾ ಹೊಸದಲ್ಲ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೂ ಎಪಿಸ್ಕೋಪಲ್ ಸಭೆಗೂ ಆಂಗ್ಲಿಕನ್ ನಂಟಿದೆ. ಕರ್ನಾಟಕದ ಹಳ್ಳಿಗಳಲ್ಲಿ ಒಬ್ಬ ಸಭಾಪಾಲಕರಿಗೆ ಹಲವು ಊರುಗಳ ಹೊಣೆ. ಅವರು ಬರಲಾಗದ ಭಾನುವಾರ ಆರಾಧನೆ ನಡೆಸುತ್ತ ಬಂದವರು ಉಪದೇಶಿಗಳು, ಊರ ಹಿರಿಯರು. ಅವರ ಹೆಸರು ಸಭೆಯ ಚರಿತ್ರೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಾಣಬೇಕಿತ್ತು.

ಎಪಿಸ್ಕೋಪಲ್ ಸಭೆಗಳು ಪ್ರತಿವರ್ಷ ಕೇಂದ್ರಕ್ಕೆ ವರದಿ ಕಳಿಸಬೇಕು. ಭಾನುವಾರದ ಸರಾಸರಿ ಹಾಜರಿ ಅದರ ಮುಖ್ಯ ಅಂಕಿ. ಇವತ್ತು ಅಮೆರಿಕದ ಅರ್ಧಕ್ಕಿಂತ ಹೆಚ್ಚು ಎಪಿಸ್ಕೋಪಲ್ ಸಭೆಗಳಲ್ಲಿ ಅದು 50ನ್ನೂ ಮುಟ್ಟುವುದಿಲ್ಲ. ಆ ಅಂಕಿ ಸುಳ್ಳಲ್ಲ, ಆದರೆ ಅದೊಂದನ್ನೇ ಹಿಡಿದು ಯಾವ ಚರ್ಚಿನ ಬಾಗಿಲನ್ನೂ ಮುಚ್ಚಬಾರದು ಎಂದೇ ನಾನು ವಾದಿಸುತ್ತೇನೆ. ತೀರ್ಮಾನ ಮಾಡುವವರು ಮೊದಲು ಮೇ ತಿಂಗಳ ಒಂದು ಪೂರ್ತಿ ವಾರ ಆ ಊರಿನಲ್ಲಿ ಕಳೆಯಲಿ. ಚಳಿಗಾಲದಲ್ಲಿ ಹೋದವರನ್ನು ಹೂಳುವ ದಿನವೂ, ಪಾಸ್ಟಿ ಮಾಡುವ ದಿನವೂ ಅದರಲ್ಲಿ ಸೇರಿರಲಿ.