ಮರದ ದಿಮ್ಮಿ ಮನೆ ಕಟ್ಟಿಸ್ತೀರಾ? ಸಹಿ ಹಾಕೋ ಮುಂಚೆ ಪ್ಲಾನ್‌ನಲ್ಲಿ ಇದನ್ನೆಲ್ಲ ನೋಡಿ

ಇವತ್ತಿನ ಸಂಚಿಕೆ ಒಂದು ಮನೆಯ ನಕ್ಷೆ ಬಗ್ಗೆ.

ನಮ್ಮ ಕೇಳುಗರಲ್ಲಿ ಒಬ್ಬರು ಅಮೆರಿಕದ ಕೊಲರಾಡೊದಲ್ಲಿದ್ದಾರೆ, ಮೂಲ ಹಾಸನದ ಕಡೆಯವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬೆಟ್ಟದ ಕಡೆ ಜಾಗ ತಗೊಂಡು ಲಾಗ್ ಹೋಮ್ ಕಟ್ಟಿಸೋಕೆ ಹೊರಟಿದ್ದಾರೆ. ಇಡೀ ಮರದ ದಿಮ್ಮಿಗಳನ್ನ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಗೋಡೆ ಕಟ್ಟೋ ಮನೆ. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ, ಹಿಮದ ಮಧ್ಯೆ ಹಳದಿ ದೀಪ ಹಚ್ಚಿಕೊಂಡು ಕೂತಿರುತ್ತಲ್ಲ, ಅದೇ. ಕಂಪನಿಯವರು ಕೊಟ್ಟ ಫ್ಲೋರ್ ಪ್ಲಾನ್ ನನಗೆ ಕಳಿಸಿ, "ಸಹಿ ಮಾಡೋ ಮುಂಚೆ ಏನೇನು ನೋಡ್ಬೇಕು ಅಂತ ಒಂದು ಎಪಿಸೋಡ್ ಮಾಡಿ" ಅಂದರು.

ಅವರ ಪ್ಲಾನ್ ಹೀಗಿದೆ. ಹೊರ ಅಳತೆ 30 ಅಡಿ ಅಗಲ, 40 ಅಡಿ ಉದ್ದ. ಕೆಳಗೆ ಚಾವಣಿವರೆಗೂ ತೆರೆದಿರೋ ದೊಡ್ಡ ಹಾಲ್, ಅದಕ್ಕೇ ಸೇರಿದ ಅಡುಗೆಮನೆ, ಒಂದು ಸ್ಟಡಿ ರೂಮ್, ಸ್ನಾನಕ್ಕೆ ಜಾಗ ಇಲ್ಲದ ಒಂದು ಟಾಯ್ಲೆಟ್. ಮಲಗೋ ಕೋಣೆ ಎರಡೂ ಮೇಲೆ, ಅಟ್ಟದಲ್ಲಿ. ಊರಿಂದ ಅಪ್ಪ ಅಮ್ಮ ಬಂದರೆ ಐದಾರು ತಿಂಗಳು ಇರ್ತಾರೆ. ಅಮ್ಮನಿಗೆ ಮಂಡಿ ನೋವು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ನಾನು ಇಂಜಿನಿಯರ್ ಅಲ್ಲ. ಕಂಬ ಎಷ್ಟು ದಪ್ಪ ಇರ್ಬೇಕು, ಚಾವಣಿ ಎಷ್ಟು ಹಿಮ ಹೊರುತ್ತೆ ಅನ್ನೋದನ್ನ ಅಲ್ಲಿನ ಇಂಜಿನಿಯರೇ ಲೆಕ್ಕ ಹಾಕ್ಬೇಕು. ಆದರೆ ಆ ಲೆಕ್ಕಕ್ಕೂ ಮುಂಚೆ ಮನೆಯವರೇ ಕೂತು ತೀರ್ಮಾನ ಮಾಡೋ ವಿಷಯಗಳಿವೆ. ನಮ್ಮೂರಲ್ಲಿ ಇಟ್ಟಿಗೆ ಮನೆ ಕಟ್ಟುವಾಗ ಗೋಡೆ ಎದ್ದ ಮೇಲೂ "ಇಲ್ಲೊಂದು ಕಿಟಕಿ ಇರಲಿ, ಅಲ್ಲೊಂದು ಪಾಯಿಂಟ್ ಕೊಡಿ" ಅಂತೀವಿ. ಮೇಸ್ತ್ರಿ ಗೊಣಗಿಕೊಂಡೇ ಒಡೆದು, ಗಾರೆ ಹಾಕಿ ಮುಚ್ಚಿಬಿಡ್ತಾರೆ. ದಿಮ್ಮಿ ಮನೆಯಲ್ಲಿ ಗಾರೆ ಇಲ್ಲ. ಗೋಡೆಯ ಒಳಗೂ ಮರ, ಹೊರಗೂ ಮರ. ಹೆಚ್ಚಿನ ಮನೆಗಳಲ್ಲಿ ದಿಮ್ಮಿಗಳನ್ನ ಬೇರೆ ಕಡೆಯೇ ಕತ್ತರಿಸಿ, ನಂಬರ್ ಹಾಕಿ, ಲಾರಿಯಲ್ಲಿ ಸೈಟಿಗೆ ತರ್ತಾರೆ. ಹಾಗಾಗಿ ಪ್ಲಾನ್‌ಗೆ ಸಹಿ ಬಿದ್ದ ಮೇಲೆ ಬದಲಾವಣೆ ಅಂದರೆ ಮರವೂ ಹಾಳು, ದುಡ್ಡೂ ಹಾಳು.

ಈ ಮನೆ ಕುಗ್ಗುತ್ತೆ

ಮೊದಲು ತಿಳ್ಕೊಳ್ಳಬೇಕಾದ್ದು ಇದು. ಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗೋದೇ ಇಲ್ಲ. ಗೋಡೆಯಲ್ಲಿ ದಿಮ್ಮಿಗಳು ಅಡ್ಡ ಮಲಗಿರೋದರಿಂದ ಪ್ರತಿ ದಿಮ್ಮಿಯೂ ಸ್ವಲ್ಪ ಸ್ವಲ್ಪ ತೆಳ್ಳಗಾಗುತ್ತೆ, ಮೇಲಿನ ಭಾರಕ್ಕೆ ಸಂದುಗಳೂ ಬಿಗಿಯಾಗುತ್ತವೆ. ಇಡೀ ಗೋಡೆ ಕೆಳಗಿಳಿಯುತ್ತೆ. ಹಸಿ ಮರದಿಂದ ಕೈಯಲ್ಲೇ ಕೆತ್ತಿ ಕೂರಿಸೋ ಮನೆಗಳಲ್ಲಿ ಒಂದು ಅಡಿ ಎತ್ತರಕ್ಕೆ ಸುಮಾರು ಮುಕ್ಕಾಲು ಇಂಚು ಅಂತ ಲೆಕ್ಕ ಇಟ್ಕೊಳ್ಳೋದು ರೂಢಿ. 8 ಅಡಿ ಗೋಡೆ ಅಂದರೆ 6 ಇಂಚು! ಒಣಗಿಸಿದ ಮರ, ಅಥವಾ ಹಲಗೆಗಳನ್ನ ಅಂಟಿಸಿ ಮಾಡಿದ ದಿಮ್ಮಿ ಆದರೆ ಇದು ತುಂಬ ಕಮ್ಮಿ. ಇಳಿಯೋ ಕೆಲಸ ಒಂದೇ ದಿನದಲ್ಲಿ ಮುಗಿಯಲ್ಲ, ಕೆಲವು ವರ್ಷ ನಡೆಯುತ್ತೆ.

ಈಗ ಯೋಚಿಸಿ. ಗೋಡೆ ಇಳಿಯುತ್ತೆ, ಆದರೆ ಮನೆ ಮಧ್ಯೆ ನೇರ ನಿಂತಿರೋ ಕಂಬ ಇಳಿಯಲ್ಲ. ಕಲ್ಲಿನ ಚಿಮಣಿ ಇಳಿಯಲ್ಲ. ಕಿಟಕಿಯ ಚೌಕಟ್ಟು ಇಳಿಯಲ್ಲ. ಅದಕ್ಕೇ ಕಂಬದ ಬುಡದಲ್ಲೋ ತಲೆಯಲ್ಲೋ ತಿರುಗಿಸೋ ಸ್ಕ್ರೂ ಜ್ಯಾಕ್ ಇಡ್ತಾರೆ, ಗೋಡೆ ಇಳಿದ ಹಾಗೆ ಅದನ್ನೂ ಇಳಿಸ್ತಾರೆ. ಕಿಟಕಿ, ಬಾಗಿಲುಗಳ ಮೇಲೆ ಖಾಲಿ ಜಾಗ ಬಿಟ್ಟು, ಒಳಗೆ ಮೆತ್ತನೆಯ ಉಣ್ಣೆಯಂಥದ್ದು ತುಂಬಿ, ಹಲಗೆಯಿಂದ ಮುಚ್ಚಿರ್ತಾರೆ. ಮೆಟ್ಟಿಲು, ನೀರಿನ ಪೈಪು, ಒಳಗಿನ ತೆಳು ಗೋಡೆ, ಎಲ್ಲದಕ್ಕೂ ಸರಿದಾಡೋಕೆ ಜಾಗ ಬೇಕು.

ಇದಕ್ಕೂ ಫ್ಲೋರ್ ಪ್ಲಾನ್‌ಗೂ ಏನು ಸಂಬಂಧ ಅಂದ್ರಾ? ಇಳಿಯೋ ಗೋಡೆಗೂ ಇಳಿಯದ ವಸ್ತುವಿಗೂ ಎಲ್ಲೆಲ್ಲಿ ಸಂಧಿಸುತ್ತೋ ಅಲ್ಲೆಲ್ಲ ಖರ್ಚಿದೆ, ಮುಂದೆ ರಿಪೇರಿಯೂ ಇದೆ. ಪ್ಲಾನ್ ಸರಳ ಆದಷ್ಟೂ ಇಂಥ ಜಾಗ ಕಮ್ಮಿ.

ಮೂಲೆ ಎಣಿಸಿ

ಒಂದು ಮೂಲೆಯಲ್ಲಿ ಎರಡು ಗೋಡೆಗಳ ದಿಮ್ಮಿಗಳು ಒಂದರ ಮೇಲೊಂದು ಕಚ್ಚಿಕೊಂಡು ಕೂರ್ಬೇಕು. ಒಂದು ಗೋಡೆಯಲ್ಲಿ 10 ಸಾಲು ಇದ್ದರೆ ಆ ಮೂಲೆಯಲ್ಲಿ ಎರಡೂ ಕಡೆಯದು ಸೇರಿ 20 ದಿಮ್ಮಿ ತುದಿ. ಆಯತಾಕಾರದ ಮನೆಗೆ 4 ಮೂಲೆ. ಅದನ್ನೇ ಒಂದು ಕಡೆ ಮುರಿದು ಎಲ್ ಆಕಾರ ಮಾಡಿದರೆ 6, ಟಿ ಆಕಾರ ಮಾಡಿದರೆ 8. ಒಂದೊಂದು ಮೂಲೆಯೂ ಕೂಲಿ, ಗಾಳಿ ನುಗ್ಗೋಕೆ ಇನ್ನೊಂದು ದಾರಿ. ಮೇಲೆ ಚಾವಣಿಯಲ್ಲೂ ಎರಡು ಇಳಿಜಾರು ಸೇರೋ ಕಣಿವೆ ಹುಟ್ಟುತ್ತೆ, ಹಿಮ ಬಂದು ನಿಲ್ಲೋದೇ ಅಲ್ಲಿ.

ದಿಮ್ಮಿಯ ಉದ್ದವೂ ಪ್ಲಾನ್ ತೀರ್ಮಾನಿಸುತ್ತೆ. ರಷ್ಯಾದ ಒನೆಗಾ ಸರೋವರದ ಕಿಝಿ ದ್ವೀಪದಲ್ಲಿ 1714ರ ಒಂದು ಮರದ ಚರ್ಚ್ ಇದೆ, ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರೋದು. ಅದರ ನಡುಭಾಗ ಅಷ್ಟಕೋನ. ಅಂದ ಇರಲಿ, ಲೆಕ್ಕವೂ ಚೆನ್ನಾಗಿದೆ. ಒಂದೇ ಉದ್ದದ ದಿಮ್ಮಿಗಳಿಂದ ಚೌಕ ಕಟ್ಟಿದಾಗ ಸಿಗೋ ಜಾಗಕ್ಕಿಂತ ಅಷ್ಟಕೋನ ಕಟ್ಟಿದಾಗ ಸುಮಾರು 4.8 ಪಟ್ಟು ಜಾಗ ಸಿಗುತ್ತೆ. ನಮ್ಮ ದಂಪತಿ ಚರ್ಚ್ ಕಟ್ಟಬೇಕಿಲ್ಲ. ಆದರೆ ಅವರ 40 ಅಡಿ ಗೋಡೆಗೆ ದಿಮ್ಮಿಗಳನ್ನ ಉದ್ದಕ್ಕೆ ಜೋಡಿಸಬೇಕಾಗಬಹುದು. ಆ ಜೋಡಣೆ ಎಲ್ಲಿ ಬರುತ್ತೆ, ಗೋಡೆ ಹೊರಗೆ ಬಾಗದ ಹಾಗೆ ಮಧ್ಯದಲ್ಲಿ ಯಾವ ಅಡ್ಡಗೋಡೆ ಹಿಡಿದುಕೊಳ್ಳುತ್ತೆ ಅಂತ ಕೇಳಲೇಬೇಕು.

ಚದರಡಿ ಎಲ್ಲಿ ಹೋಯ್ತು?

30-40 ಅಂದ ಕೂಡಲೇ ಬೆಂಗಳೂರಿನವರಿಗೆ 1,200 ಚದರಡಿ ಸೈಟ್ ನೆನಪಾಗುತ್ತೆ. ಇಲ್ಲಿ 30-40 ಅನ್ನೋದು ಮನೆಯ ಹೊರ ಅಳತೆ. ದಿಮ್ಮಿ 10 ಇಂಚು ದಪ್ಪ ಇದ್ದರೆ ಎರಡೂ ಕಡೆ ಸೇರಿ 20 ಇಂಚು ಹೋಯ್ತು. ಒಳಗೆ ಉಳಿಯೋದು 28 ಅಡಿ 4 ಇಂಚು, 38 ಅಡಿ 4 ಇಂಚು. ಗುಣಿಸಿದರೆ ಸುಮಾರು 1,086 ಚದರಡಿ. ಅಂದರೆ 114 ಚದರಡಿ, ಒಂದು ಸಣ್ಣ ಕೋಣೆಯಷ್ಟು ಜಾಗ, ಗೋಡೆಯೊಳಗೇ ಇದೆ. ಮಂಚ, ಬೀರು, ಸೋಫಾ ಹಿಡಿಯುತ್ತಾ ಅಂತ ನೋಡುವಾಗ ಒಳ ಅಳತೆಯನ್ನೇ ಹಿಡಿಯಿರಿ.

ದಿಮ್ಮಿ ದುಂಡಗಿದ್ದರೆ ಇನ್ನೊಂದು ಪೀಕಲಾಟ. ಅಡುಗೆಮನೆಯ ಕ್ಯಾಬಿನೆಟ್ ಉಬ್ಬುತಗ್ಗಿನ ಗೋಡೆಗೆ ಅಂಟಿ ಕೂರಲ್ಲ, ಹಿಂದೆ ಸಂದು ಉಳಿಯುತ್ತೆ. ಅದಕ್ಕೇ ಒಳಗಿನ ಗೋಡೆಗಳನ್ನೆಲ್ಲ ದಿಮ್ಮಿಯಲ್ಲೇ ಮಾಡಲ್ಲ. ಮರದ ಚೌಕಟ್ಟಿಗೆ ಬೋರ್ಡ್ ಹೊಡೆದ ಮಾಮೂಲಿ ಗೋಡೆ ಹಾಕ್ತಾರೆ.

ನೀರು, ಕರೆಂಟು, ಒಗ್ಗರಣೆ

ಆ ಮಾಮೂಲಿ ಗೋಡೆಯೇ ಮನೆಯ ನರನಾಡಿ. ಗಟ್ಟಿ ದಿಮ್ಮಿಯೊಳಗೆ ನೀರಿನ ಪೈಪ್ ಓಡಿಸೋಕಾಗಲ್ಲ. ಆದ್ದರಿಂದ ಅಡುಗೆಮನೆ, ಬಚ್ಚಲು, ಟಾಯ್ಲೆಟ್ ಒಂದೇ ಒಳಗೋಡೆಗೆ ಬೆನ್ನುಕೊಟ್ಟು ಇರ್ಬೇಕು. ಮೇಲಿನ ಬಚ್ಚಲು ಕೆಳಗಿನದರ ನೆತ್ತಿ ಮೇಲೇ ಬರ್ಬೇಕು. ಶವರ್‌ನ ನೀರು ದಿಮ್ಮಿ ಗೋಡೆಗೆ ಬೀಳೋ ಹಾಗೆ ಯಾವ ಕಾರಣಕ್ಕೂ ಇಡಬಾರದು. ಹೊರಗೋಡೆಯಲ್ಲಿ ಕೊರೆಯುವ ಚಳಿಗೆ ಪೈಪ್‌ನ ನೀರು ಹೆಪ್ಪುಗಟ್ಟೋ ಭಯವೂ ಇದೆ.

ಕರೆಂಟ್ ವೈರ್ ಬೇಕಾದರೆ ದಿಮ್ಮಿ ಪೇರಿಸುವಾಗಲೇ ಒಂದೊಂದಕ್ಕೂ ಮೇಲಿಂದ ಕೆಳಗೆ ತೂತು ಕೊರೀತಾರೆ. ಹಾಗಾಗಿ ಸ್ವಿಚ್ ಎಲ್ಲಿ, ಟಿವಿ ಎಲ್ಲಿ, ಮೊಬೈಲ್ ಚಾರ್ಜ್ ಮಾಡೋದೆಲ್ಲಿ ಅನ್ನೋದು ಪ್ಲಾನ್ ಹಂತದಲ್ಲೇ ಗೊತ್ತಿರ್ಬೇಕು. ಮಂಚ ಯಾವ ಕಡೆ ಅಂತ ತೀರ್ಮಾನ ಆಗದೆ ಇದನ್ನ ಹೇಳೋಕೇ ಆಗಲ್ಲ.

ಈಗ ಒಗ್ಗರಣೆ. ಆ ಪ್ಲಾನ್ ಬರೆದವರು ಒಣಮೆಣಸಿನಕಾಯಿ ಘಾಟು ಕಂಡವರಲ್ಲ ಅನ್ಸುತ್ತೆ! ಅಡುಗೆಮನೆ ಹಾಲ್‌ಗೆ ತೆರೆದಿದೆ, ಹಾಲ್ ಚಾವಣಿವರೆಗೂ ತೆರೆದಿದೆ, ಮಲಗೋ ಕೋಣೆಗಳು ಆ ಹಾಲ್‌ನ ಮೇಲೇ ಇವೆ. ಬಿಸಿ ಗಾಳಿ ಮೇಲೇರುತ್ತೆ, ಅದರ ಜೊತೆ ಘಾಟೂ ಜಿಡ್ಡೂ ಏರುತ್ತೆ. ಗಾಳಿಯನ್ನ ಅಲ್ಲೇ ಸೋಸಿ ಮತ್ತೆ ಒಳಗೇ ಬಿಡೋ ಚಿಮಣಿ ಸಾಲದು, ಹೊರಗೆ ತಳ್ಳೋದೇ ಬೇಕು. ಅದರ ಕೊಳವೆಯ ದಾರಿ ಮೊದಲೇ ಗುರುತಾಗಬೇಕು. ಚಾವಣಿ ಮೂಲಕ ಹೋಗೋದಾದರೆ ಚಾವಣಿ ಇಳಿದಾಗ ಕೊಳವೆಯೂ ಒಂದರೊಳಗೊಂದು ಜಾರೋ ಹಾಗಿರ್ಬೇಕು. ಒಲೆಯನ್ನ ಒಳಗೋಡೆ ಕಡೆಗೆ ತಿರುಗಿಸಿ, ಹಾಲ್ ಕಡೆಗೆ ಬಾಗಿಲು ಇಟ್ಟರೆ ಇನ್ನೂ ಒಳ್ಳೇದು.

ಎತ್ತರದ ಹಾಲ್‌ನ ತೊಂದರೆ ಘಾಟು ಒಂದೇ ಅಲ್ಲ. ಚಳಿಗಾಲದಲ್ಲಿ ಬಿಸಿ ಎಲ್ಲ ಮೇಲೆ ಸೇರಿ ಕೆಳಗೆ ಕೂತವರ ಕಾಲು ತಣ್ಣಗಿರುತ್ತೆ. ಕೆಳಗೆ ಟಿವಿ ಹಾಕಿದರೆ ಮೇಲೆ ಮಲಗಿದವರಿಗೆ ನಿದ್ದೆ ಇಲ್ಲ. ಹಾಲ್‌ನ ಅರ್ಧ ಭಾಗ ಮಾತ್ರ ಎತ್ತರಕ್ಕೆ ಬಿಟ್ಟು, ಉಳಿದರ್ಧದ ಮೇಲೆ ಬಾಗಿಲಿರೋ ಕೋಣೆ ಮಾಡಿದರೂ ಅಂದ ಕೆಡಲ್ಲ.

ಸೂರು, ಬಾಗಿಲು, ಕಿಟಕಿ

ಮಲೆನಾಡಿನ ಹಳೇ ಮನೆಗಳ ಸೂರು ಯಾಕೆ ಅಷ್ಟು ಮುಂದಕ್ಕೆ ಚಾಚಿರುತ್ತೆ? ಮಳೆ ನೀರು ಗೋಡೆಗೆ ತಾಗಬಾರದು ಅಂತ. ದಿಮ್ಮಿ ಮನೆಗೂ ಅದೇ ನ್ಯಾಯ. ಸೂರು ಎರಡು ಅಡಿಗಿಂತ ಕಮ್ಮಿ ಇರದಿದ್ದರೆ ಒಳ್ಳೇದು, ಮಳೆ ಬಡಿಯೋ ಕಡೆ ಜಗಲಿ ಇದ್ದರೆ ಇನ್ನೂ ಕ್ಷೇಮ. ಮೊದಲ ದಿಮ್ಮಿ ನೆಲದಿಂದ ಒಂದೂವರೆ ಅಡಿಯಾದರೂ ಮೇಲಿದ್ದರೆ ಸಿಡಿಯೋ ನೀರು ತಾಗಲ್ಲ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತೆ.

ಮುಂಬಾಗಿಲು ಇಳಿಜಾರಿನ ಕೆಳಗೆ ಬಂದರೆ ಚಾವಣಿಯ ಹಿಮ ಜಾರಿ ಅಲ್ಲೇ ಬೀಳುತ್ತೆ. ಬಾಗಿಲು ತ್ರಿಕೋನ ಗೋಡೆಯ ಕಡೆ ಇರಲಿ, ಅಥವಾ ಅದಕ್ಕೇ ಬೇರೆ ಸಣ್ಣ ಚಾವಣಿ ಇರಲಿ. ಒಳಗೆ ಕಾಲಿಟ್ಟ ಕೂಡಲೇ ಬೂಟು, ಜಾಕೆಟ್ ಬಿಚ್ಚಿಡೋಕೆ ಎರಡನೇ ಬಾಗಿಲಿರೋ ಪುಟ್ಟ ಜಾಗ ಬೇಕು. ಚಳಿ ಗಾಳಿ ಅಲ್ಲೇ ನಿಲ್ಲುತ್ತೆ. ಆ ಪ್ಲಾನ್‌ನಲ್ಲಿ ಇದು ಇರಲೇ ಇಲ್ಲ.

ಕಿಟಕಿಗಳನ್ನ ಒಂದರ ಪಕ್ಕ ಒಂದು ಒತ್ತಿ ಇಟ್ಟರೆ ಮಧ್ಯೆ ಉಳಿಯೋದು ಗಿಡ್ಡ ಗಿಡ್ಡ ತುಂಡುಗಳು, ಗೋಡೆ ಅಲ್ಲೇ ದುರ್ಬಲ ಆಗುತ್ತೆ. ದಕ್ಷಿಣಕ್ಕೆ ದೊಡ್ಡ ಕಿಟಕಿ ಇದ್ದರೆ ಚಳಿಗಾಲದ ತಗ್ಗು ಬಿಸಿಲು ಒಳಗೆ ಬರುತ್ತೆ, ಬೇಸಿಗೆಯ ನೆತ್ತಿ ಬಿಸಿಲನ್ನ ಸೂರು ತಡೆಯುತ್ತೆ.

ಅಮ್ಮ ಎಲ್ಲಿ ಮಲಗ್ತಾರೆ?

ಕೊನೇದಾಗಿ ಮಂಡಿ ನೋವಿನ ಅಮ್ಮ. ಈಗಿರೋ ಪ್ಲಾನ್‌ನಲ್ಲಿ ಅವರು ಮಲಗೋಕೂ ಮೆಟ್ಟಿಲು ಹತ್ತಬೇಕು, ಸ್ನಾನಕ್ಕೂ ಹತ್ತಬೇಕು. ರಾತ್ರಿ ಎದ್ದು ಕೆಳಗೆ ಬರೋದಂತೂ ದೇವರೇ ಗತಿ. ಜೊತೆಗೆ ಅಟ್ಟದ ಜಾಗ ನಕ್ಷೆಯಲ್ಲಿ ಕಾಣುವಷ್ಟು ಇರಲ್ಲ. ಇಳಿಜಾರು ಚಾವಣಿ ಕೆಳಗೆ ಎತ್ತರ 5 ಅಡಿಗಿಂತ ಕಮ್ಮಿ ಇರೋ ಜಾಗವನ್ನ ಅಮೆರಿಕದ ವಸತಿ ಕಟ್ಟಡ ನಿಯಮಾವಳಿ ಕೋಣೆಯ ಕನಿಷ್ಠ ಅಳತೆಗೆ ಲೆಕ್ಕಕ್ಕೇ ಹಿಡಿಯಲ್ಲ. ಮಲಗೋ ಕೋಣೆ ಅಂದ ಮೇಲೆ ಬೆಂಕಿ ಬಿದ್ದರೆ ಹೊರಗೆ ದಾಟೋಕಾಗೋ ಕಿಟಕಿಯೂ ಇರ್ಬೇಕು. ಮರದ ಮನೆಯಲ್ಲಿ ಇದನ್ನ ಮರೆಯೋ ಹಾಗೇ ಇಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟೇ. ಸ್ಟಡಿ ರೂಮನ್ನ ಮಲಗೋ ಕೋಣೆ ಮಾಡಿ. ಕೆಳಗಿನ ಟಾಯ್ಲೆಟ್ಟನ್ನ ಅಡುಗೆಮನೆ ಹಿಂದಿನ ಗೋಡೆಗೆ ತಂದು ಸ್ನಾನದ ಜಾಗ ಸೇರಿಸಿ. ಬಾಗಿಲುಗಳು ಮೂರು ಅಡಿ ಅಗಲ ಇರಲಿ, ನಾಳೆ ವಾಕರ್ ಬಂದರೂ ಸಾಗುತ್ತೆ. ಇದಕ್ಕೆ ಹೊಸ ಮೂಲೆ ಬೇಡ, ಒಂದು ದಿಮ್ಮಿಯೂ ಹೆಚ್ಚು ಬೇಡ. ಒಳಗಿನ ಮಾಮೂಲಿ ಗೋಡೆಗಳನ್ನ ಸರಿಸಿದರೆ ಸಾಕು. ಕಾಗದದ ಮೇಲೆ ಇದು ಒಂದು ಸಂಜೆಯ ಕೆಲಸ.

ಕಂಪನಿಗೆ ಕೇಳೋಕೆ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಮರದಲ್ಲಿ ತೇವ ಎಷ್ಟಿದೆ, ಗೋಡೆ ಎಷ್ಟು ಇಂಚು ಇಳಿಯುತ್ತೆ? ಜ್ಯಾಕ್ ಇಳಿಸೋದು ಯಾರು, ಎಷ್ಟು ವರ್ಷ? ಯಾವ ದಿನಾಂಕದವರೆಗೆ ಪ್ಲಾನ್ ಬದಲಾಯಿಸಬಹುದು? ಕಿಟ್‌ನ ಬೆಲೆಯಲ್ಲಿ ಏನೇನಿಲ್ಲ? ಈ ಕೊನೇ ಪ್ರಶ್ನೆ ಮುಖ್ಯ. ತಳಪಾಯ, ಪ್ಲಂಬಿಂಗ್, ಕರೆಂಟ್, ಸಾಗಣೆ, ಕೂಲಿ, ಇವು ಸಾಮಾನ್ಯವಾಗಿ ಕಿಟ್‌ನಲ್ಲಿ ಸೇರಿರಲ್ಲ. ಉತ್ತರಗಳನ್ನ ಬರಹದಲ್ಲೇ ತಗೊಳ್ಳಿ.

ನಿಮ್ಮ ಮನೆ ಇಟ್ಟಿಗೆಯದ್ದೇ ಆಗಿರಲಿ, ಪ್ಲಾನ್ ಕೈಗೆ ಬಂದ ದಿನ ಮನೆಯ ಹಿರಿಯರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿ. ಬೆಳಗ್ಗೆ ಏಳೋದರಿಂದ ರಾತ್ರಿ ಮಲಗೋವರೆಗೂ ಅವರು ಎಲ್ಲೆಲ್ಲಿ ಓಡಾಡ್ತಾರೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೀರಿ.