ಹುಣಸೆಹುಳಿ ಹಚ್ಚಬ್ಯಾಡ್ರಿ!

ನಮ್ಮ ಆದೋನಿ ಸೀಮೆಯಲ್ಲಿ ಮುಂಗಾರು ಬಿದ್ದರೆ ಕೆಲವರು ಕೂರಿಗೆ ಹೂಡುತ್ತಾರೆ, ಇನ್ನು ಕೆಲವರು ವಜ್ರ ಹುಡುಕಲು ಬುತ್ತಿ ಕಟ್ಟಿಕೊಂಡು ತುಗ್ಗಲಿ, ಜೊನ್ನಗಿರಿ ಹೊಲಗಳ ಕಡೆ ಹೊರಡುತ್ತಾರೆ. ವಜ್ರಕ್ಕೆ ಬಗ್ಗಿದ ಕಣ್ಣಿಗೆ ತಾಮ್ರದ ಬಿಲ್ಲೆ ಲೆಕ್ಕಕ್ಕಿಲ್ಲ. ಸಿಕ್ಕರೂ ಗುಜರಿ ಅಂಗಡಿಯ ತಕ್ಕಡಿಗೆ ಹೋಗುತ್ತದೆ.

ಹಲವು ವರ್ಷದ ಹಿಂದೆ ನನ್ನ ಹತ್ತಿ ಹೊಲದಾಗ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು, 'ಅನ್ನಾ, ರಾಗಿ ನಾಣೆಂ!' ಎಂದು ಕೂಗಿದಳು. ಕನ್ನಡದಲ್ಲಿ ರಾಗಿ ಮುದ್ದೆಗೆ, ತೆಲುಗಿನಲ್ಲಿ ರಾಗಿ ಎಂದರೆ ತಾಮ್ರ. ಉಗುರಿನಷ್ಟು ಕಪ್ಪು ಬಿಲ್ಲೆ. ಒಂದು ಮುಖ, ಸುತ್ತ ಏನೋ ಅಕ್ಷರ. ಮನೆಗೆ ತಂದು ಹುಣಸೆಹುಳಿ ಹಚ್ಚಿ ಗಸಗಸ ತಿಕ್ಕಿದೆ. ಬಿಲ್ಲೆ ಹೊಳೆಯಿತು, ಮುಖ ಹೋಯಿತು. ಅದು ಯಾರ ಕಾಲದ್ದೆಂದು ಇನ್ನು ಯಾರೂ ಹೇಳಲಾರರು. ತಪ್ಪು ನನ್ನದೇ.

ರೋಮಿನ ನಾಣ್ಯ ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕವು. ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ಚಿನ್ನದವು ಸಿಕ್ಕಿವೆ. 4, 5ನೇ ಶತಮಾನದ ಕಂಚಿನ ಚಿಲ್ಲರೆ ಹೆಚ್ಚಾಗಿ ಸಿಕ್ಕಿದ್ದು ತಮಿಳುನಾಡಿನ ಕರೂರಿನ ಅಮರಾವತಿ ಹೊಳೆಯಲ್ಲಿ ಮತ್ತು ಮದುರೆಯಲ್ಲಿ. ಆರ್. ಕೃಷ್ಣಮೂರ್ತಿ ಅವರು 1994ರಲ್ಲಿ ಅವುಗಳ ಮೇಲೆ ಪುಸ್ತಕವನ್ನೇ ತಂದರು.

ಗುರುತು ಹಿಡಿಯೋದು ಹೆಂಗ? ಮುಂಬದಿಯಲ್ಲಿ ಸಾಮಾನ್ಯವಾಗಿ ಬಲಕ್ಕೆ ನೋಡುವ ದೊರೆಯ ತಲೆ, ತಲೆಗೆ ಮುತ್ತಿನ ಪಟ್ಟಿ. ಸುತ್ತಲಿನ ಬರಹ ಅನೇಕ ನಾಣ್ಯಗಳಲ್ಲಿ 'ಡಿ ಎನ್' ಎಂದು ಶುರು, ಅಂದರೆ 'ನಮ್ಮ ಒಡೆಯ'. ಹಿಂಬದಿಯೇ ಮುಖ್ಯ. ಇಬ್ಬರು ಸಿಪಾಯಿಗಳ ನಡುವೆ ಬಾವುಟವಿದ್ದರೆ 330ರ ಆಸುಪಾಸಿನ ಕಾನ್‌ಸ್ಟಂಟೈನ್ ಮನೆತನದ್ದು. ಬಿದ್ದ ಕುದುರೆ ಸವಾರನನ್ನು ಸಿಪಾಯಿ ಈಟಿಯಿಂದ ತಿವಿಯುತ್ತಿದ್ದರೆ 348ರಿಂದೀಚಿನದು. ರೆಕ್ಕೆಯ ವಿಜಯದೇವತೆ ಸೆರೆಯಾಳನ್ನು ಎಳೆಯುತ್ತಿದ್ದರೆ 388ರಿಂದೀಚೆಗೆ, ಥಿಯೊಡೋಸಿಯಸ್ ಮತ್ತವನ ಮಕ್ಕಳ ಕಾಲದ್ದು. ತಳದ ಸಣ್ಣ ಅಕ್ಷರ ಟಂಕಸಾಲೆಯ ಗುರುತು: 'ಎ ಎನ್ ಟಿ' ಆಂಟಿಯೋಕ್, 'ಎ ಎಲ್ ಇ' ಅಲೆಕ್ಸಾಂಡ್ರಿಯ.

ಇಂಗ್ಲಿಷಿನಂಥ ಅಕ್ಷರ ಕಂಡ ಕೂಡಲೇ ರೋಮ್ ಎನ್ನಬೇಡಿ. ಕಂಪನಿ ಸರಕಾರದ ಕಾಸಿನಲ್ಲೂ ಇಂಗ್ಲಿಷ್ ಇದೆ, ಜೊತೆಗೆ ಪಾರ್ಸಿಯೂ ಇದೆ. ಆನೆ ಕಂಡರೆ ಸಾತವಾಹನರದೋ ಟಿಪ್ಪುವಿನದೋ ನೋಡಬೇಕು; 1786ರಲ್ಲಿ ಆದೋನಿ ಕೋಟೆ ಟಿಪ್ಪುವಿನ ಕೈಸೇರಿತ್ತಲ್ಲ. ನಂದಿಯೋ ಗರುಡನೋ ಇದ್ದು ಹಿಂದೆ ನಾಗರಿ ಬರಹವಿದ್ದರೆ ವಿಜಯನಗರದ್ದಿರಬಹುದು.

ಸಿಕ್ಕ ನಾಣ್ಯವನ್ನು ಹುಳಿ, ಬೂದಿ, ಇಟ್ಟಿಗೆಪುಡಿ ಹಾಕಿ ತಿಕ್ಕಬೇಡಿ. ಆ ಹಸಿರು-ಕಪ್ಪು ಪದರದಲ್ಲೇ ಅಕ್ಷರ ಉಳಿದಿರುತ್ತದೆ. ಕಾಗದದಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ, ಯಾವ ಹೊಲ, ಎಷ್ಟು ಆಳ ಎಂದು ಬರೆದಿಡಿ. 1878ರ ನಿಧಿ ಕಾಯಿದೆ ಪ್ರಕಾರ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಗಡಿಯ ಆಚೆ ಈಚೆ ಎರಡೂ ಕಡೆಯ ರೈತರಿಗೆ, ವ್ಯಾಪಾರಸ್ಥರಿಗೆ ನನ್ನದೊಂದೇ ಮಾತು: ನಾ ಮಾಡಿದ್ದು ನೀವು ಮಾಡಬ್ಯಾಡ್ರಿ.